ತಾರಸಿಯಿಂದ ಇಳಿಬಿಟ್ಟ ಹಗ್ಗ

ಕರಿಸಾಲ್ ಊರಿನಲ್ಲಿ ಈ ಕಥೆಯನ್ನು ಹೇಳುವವರು ಹಲವರಿದ್ದಾರೆ. ಒಬ್ಬರು ಹೇಳಿದಂತೆ ಇನ್ನೊಬ್ಬರು ಹೇಳುವುದಿಲ್ಲ. ಊರವರು ಗೌರವದಿಂದ ದೋನ್ಯಾ ಎಂದು ಕರೆಯುತ್ತಿದ್ದ ತೋಮಾಸಾಳ ಕುರ್ಚಿಯನ್ನು ಅಂದು ಹುಣಿಸೆಮರದ ಕೆಳಗೆ ಹಾಕಿದ್ದರೆಂದು ಕಡಲ ಕಡೆಯ ಕೇರಿಯವರು ಹೇಳಿದರೆ, ಅಲ್ಲ, ಮಾವಿನಮರದ ಕೆಳಗೆ ಎಂದು ಚರ್ಚಿನ ಬೀದಿಯವರು ತಿದ್ದುತ್ತಾರೆ. ಕುರ್ಚಿಯ ಮುಖ ಹೊಸ ಕೋಣೆಯ ಗೋಡೆಯತ್ತ ಇತ್ತು ಎಂಬ ಒಂದು ಮಾತಿನಲ್ಲಿ ಮಾತ್ರ ಯಾರಿಗೂ ಭಿನ್ನಾಭಿಪ್ರಾಯವಿಲ್ಲ.

ಮೆಕ್ಸಿಕೋದ ದಕ್ಷಿಣದ ಆ ಕಡಲಂಚಿನಲ್ಲಿ ತೋಮಾಸಾ ಹರೆಯದವಳಾಗಿದ್ದಾಗ ಮನೆಯೆಂದರೆ ಜೊಂಡಿನ ಗೋಡೆ, ತಾಳೆಗರಿಯ ಸೂರು. ಒಂದು ಬೆಳಿಗ್ಗೆ ಆಕೆ ಕೂಸು ನಾಬೋರನನ್ನು ಶಾಲಿನಲ್ಲಿ ಬೆನ್ನಿಗೆ ಕಟ್ಟಿಕೊಂಡು ಬಟ್ಟೆ ಒಗೆಯಲು ಹಳ್ಳಕ್ಕೆ ಹೋದಳು. ಹಿರಿಯವಳು ರುಫೀನಾ ಒಳಗೆ ಮಲಗಿದ್ದಳು. ಒಲೆಯ ಕಿಡಿ ಸೂರಿಗೆ ಹಾರಿತು. ತೋಮಾಸಾ ಹಿಂದಿರುಗುವಾಗ ಹೊಗೆಯಾಡುವ ಕಂಬಗಳ ಹೊರತು ಅಲ್ಲಿ ಏನೂ ನಿಂತಿರಲಿಲ್ಲ. ಮಗಳನ್ನು ಮಣ್ಣುಮಾಡಿ ಬಂದ ಮೇಲೆ ಆಕೆ ಮತ್ತೆ ತಾಳೆಗರಿಯ ಸೂರಿನಡಿಯೇ ಬಾಳಬೇಕಾಯಿತು. ಬೇರೆ ಸೂರು ಊರಿನಲ್ಲಿ ಯಾರಿಗಿತ್ತು? ಆದರೆ ಮನೆಯೊಳಗೆ ಆಕೆ ಮತ್ತೆಂದೂ ಒಲೆ ಹೊತ್ತಿಸಲಿಲ್ಲ. ಮಳೆಯಿರಲಿ ಬಿಸಿಲಿರಲಿ, ರೊಟ್ಟಿ ಸುಡುವುದು ಅಂಗಳದಲ್ಲೇ. ಬಾಗಿಲ ಪಕ್ಕ ಒಂದು ಒದ್ದೆ ಗೋಣಿ ಸದಾ ತೂಗುತ್ತಿತ್ತು.

ನಾಬೋರ್ ದೊಡ್ಡವನಾಗಿ ಪಟ್ಟಣಕ್ಕೆ ಹೋಗಿ ಗಾರೆ ಕೆಲಸ ಕಲಿತು ಬಂದ. ಬರುವಾಗ ಕೈಯಲ್ಲಿ ಕರಣೆಯಿತ್ತು, ಬಾಯಲ್ಲಿ ಉಪದೇಶವಿತ್ತು. ಮದುವೆಯ ಊಟವಿರಲಿ, ಸಾವಿನ ಮನೆಯಿರಲಿ, ಅವನು ಸಿಮೆಂಟಿನ ಗುಣಗಾನ ಬಿಡುತ್ತಿರಲಿಲ್ಲ.

"ಸಿಮೆಂಟಿನ ಗೋಡೆಗೆ ಬೆಂಕಿ ತಗುಲಿದ್ರೆ ಮಸಿ ಹಿಡಿಯುತ್ತೆ, ಅಷ್ಟೇ. ಗಾಳಿ ಬಂದ್ರೆ ಗಾಳಿಗೇ ಮೂಗು ಜಜ್ಜುತ್ತೆ. ಗೆದ್ದಲಿಗೆ ಹಲ್ಲು ಉದುರುತ್ತೆ. ಸೂರಿನಿಂದ ಚೇಳು ಬಂದು ನಿಮ್ಮ ತಟ್ಟೇಲಿ ಊಟಕ್ಕೆ ಕೂರಲ್ಲ," ಎನ್ನುತ್ತಿದ್ದ.

ಪಕ್ಕದ ಮನೆಯ ಮುದುಕ ದೋನ್ ಫೆರ್ಮಿನ್‌ಗೆ ತಾಳೆಗರಿಯ ಮನೆಯ ಮೇಲೆ ಪ್ರಾಣ. ಅವನು ಹಲ್ಲಿಲ್ಲದ ಬಾಯಲ್ಲಿ ನಗುತ್ತಿದ್ದ. "ಮೇ ತಿಂಗಳಲ್ಲಿ ಅದರೊಳಗೆ ಕೂತ್ರೆ ನಾನೇ ರೊಟ್ಟಿ ಆಗ್ತೀನಿ ಮೇಸ್ತ್ರಿ. ನನ್ನ ಮನೆ ಉಸಿರಾಡುತ್ತಪ್ಪ."

"ಉಸಿರಾಡೋದು ಯಾವತ್ತೋ ಒಂದಿನ ಉಸಿರು ನಿಲ್ಲಿಸುತ್ತೆ ದೋನ್ ಫೆರ್ಮಿನ್. ನನ್ನ ಗೋಡೆಗೆ ಆ ಚಿಂತೆ ಇಲ್ಲ."

ಆದರೂ ಒಂದೊಂದಾಗಿ ಊರಿನ ಮನೆಗಳು ಕಲ್ಲಾಗತೊಡಗಿದವು. ಒಂದು ಬೇಸಿಗೆಯಲ್ಲಿ ಗೋಡೆ, ಮತ್ತೊಂದರಲ್ಲಿ ತಾರಸಿ, ಕೈಯಲ್ಲಿ ಕಾಸಿದ್ದಾಗ ಇನ್ನೊಂದು ಕೋಣೆ. ಮುಂದೊಂದು ದಿನ ಮಹಡಿ ಏಳಲೆಂದು ತಾರಸಿಯ ಮೂಲೆಗಳಲ್ಲಿ ಕಬ್ಬಿಣದ ಕಂಬಿಗಳನ್ನು ಹಾಗೆಯೇ ಮೇಲಕ್ಕೆ ಬಿಟ್ಟು, ತುಕ್ಕು ಹಿಡಿಯದಿರಲೆಂದು ಅವುಗಳ ತುದಿಗೆ ಖಾಲಿ ಬಾಟಲಿಗಳನ್ನು ಬೋರಲು ಹಾಕುತ್ತಿದ್ದರು. ತಾರಸಿ ಹಾಕುವ ದಿನ ಇಡೀ ಕೇರಿ ಬಕೆಟ್ ಹಿಡಿದು ಬರುತ್ತಿತ್ತು. ಆ ದಿನದ ಮಟ್ಟಿಗೆ ನಾಬೋರನದು ಒಂದೇ ಕಟ್ಟಳೆ: ಮೊದಲ ಬಕೆಟ್ ಸುರಿದ ಮೇಲೆ ಕೊನೆಯ ಬಕೆಟ್ ಬೀಳುವವರೆಗೆ ಯಾರೂ ನಿಲ್ಲಕೂಡದು.

"ತಾರಸಿ ಅಂದ್ರೆ ಒಂದೇ ಕಲ್ಲು," ಎಂದು ಅವನು ಪ್ರತಿ ಸಲವೂ ಪಾಠ ಹೇಳುವವನಂತೆ ಹೇಳುತ್ತಿದ್ದ. "ಅರ್ಧಕ್ಕೆ ನಿಲ್ಲಿಸಿದ್ರೆ ಎರಡು ಕಲ್ಲಾಗುತ್ತೆ. ಎರಡು ಕಲ್ಲಿನ ನಡುವೆ ನೀರು ದಾರಿ ಮಾಡ್ಕೊಳ್ಳುತ್ತೆ. ಆಮೇಲೆ ದೇವರೇ ಬಂದು ಟಾರು ಬಳಿದ್ರೂ ಸೋರುತ್ತೆ."

ಈ ಕಟ್ಟಳೆಯನ್ನು ಅವನು ಒಮ್ಮೆ ತಾನೇ ಮುರಿದಿದ್ದ. ಅದು ಅವನ ಸ್ವಂತ ಕೋಣೆಯ ತಾರಸಿ. ಹೆಂಡತಿ ಕ್ರಿಸಾಂತಾ ಬಸುರಿ. ದಿನ ಇನ್ನೂ ದೂರವಿದೆಯೆಂದು ಎಲ್ಲರೂ ಎಣಿಸಿದ್ದರು. ಅರ್ಧ ತಾರಸಿಗೆ ಕಾಂಕ್ರೀಟು ಬಿದ್ದಿದ್ದಾಗ ಕೆಳಗಿನ ಗುಡಿಸಲಿನಿಂದ ಅವಳ ಕೂಗು ಕೇಳಿಸಿತು. ನಾಬೋರ್ ಮಟ್ಟದ ಹಲಗೆಯನ್ನು ಬಿಸುಟು ಏಣಿಯಿಳಿದು ಓಡಿದ. ಮೇಸ್ತ್ರಿಯಿಲ್ಲದೆ ಕೆಲಸ ನಿಂತಿತು. ಮಗು ಉಸಿರಿಲ್ಲದೆ ಹುಟ್ಟಿತು. ಆ ಇಡೀ ಹೊತ್ತು ಅವನು ಸಿಮೆಂಟು ಮೆತ್ತಿದ ಕೈಯಲ್ಲೇ ಅವಳ ಕೈ ಹಿಡಿದು ಕುಳಿತಿದ್ದ. ಮಗುವನ್ನು ಮಣ್ಣುಮಾಡಿದ ಮೇಲೆ ಉಳಿದರ್ಧ ತಾರಸಿಗೆ ಕಾಂಕ್ರೀಟು ಹಾಕಿದರು.

ಅಂದಿನಿಂದ ಆ ಕೋಣೆಯ ಚಾವಣಿಯ ನಡುವೆ ಒಂದು ಗೆರೆ. ಮಳೆಗಾಲದಲ್ಲಿ ಆ ಗೆರೆಯುದ್ದಕ್ಕೂ ಹನಿಗಟ್ಟಿ ತೊಟ್ಟಿಕ್ಕುತ್ತಿತ್ತು. ನಾಬೋರ್ ವರ್ಷವರ್ಷವೂ ಟಾರು ಬಳಿದ, ವರ್ಷವರ್ಷವೂ ಸೋರಿತು. ಕ್ರಿಸಾಂತಾ ಕೆಳಗೆ ಪಾತ್ರೆಯಿಟ್ಟು, ತುಂಬಿದಾಗ ಚೆಲ್ಲಿ ಬರುತ್ತಿದ್ದಳು. ಅವರಿಗೆ ಮತ್ತೆ ಮಕ್ಕಳಾಗಲಿಲ್ಲ. ಹಾಸಿಗೆಯಲ್ಲಿ ಅಂಗಾತ ಮಲಗಿ ಆ ಗೆರೆಯನ್ನು ನೋಡುವಾಗ ಅವಳಿಗೆ ನೆನಪಾಗುತ್ತಿದ್ದುದು ಮಗುವಿಗಿಂತ ಹೆಚ್ಚಾಗಿ ಆ ಒರಟು, ಒದ್ದೆ ಕೈ.

ಊರಿಗೆಲ್ಲ ತಾರಸಿ ಹಾಕಿದವನ ತಾಯಿ ಮಾತ್ರ ಇನ್ನೂ ಗರಿಯಡಿಯಲ್ಲೇ ಮಲಗುತ್ತಿದ್ದಳು. ಮಗ ಸೊಸೆಯ ಕೋಣೆ ಮೊದಲಾಗಲಿ ಎಂದವಳೂ ಆಕೆಯೇ. ಇವತ್ತು ಅವರ ಮನೆ, ನಾಳೆ ಇವರ ಮನೆ ಎಂದು ನಾಬೋರ್ ಓಡಾಡುತ್ತಿರುವಾಗಲೇ ತೋಮಾಸಾಳ ಕಾಲು ಬಾತು, ಏದುಸಿರು ಶುರುವಾಯಿತು. ಹೃದಯ ಸೋತಿದೆ, ಹೆಚ್ಚು ಕಾಲ ನಡೆಯುವುದಿಲ್ಲ ಎಂದು ವೈದ್ಯರು ಹೇಳಿದಾಗ ಆಕೆ ಮಗನನ್ನು ಕೇಳಿದ್ದು ಒಂದನ್ನೇ: ಬೆಂಕಿ ಹತ್ತದ ಸೂರಿನ ಕೆಳಗೆ ಕಣ್ಣು ಮುಚ್ಚಿ ಮಲಗಬೇಕು, ಕಿವಿ ನಿಗುರಿಸಿಕೊಂಡು ಮಲಗಿದ್ದು ಸಾಕಾಗಿದೆ.

ನಾಬೋರ್ ಉಳಿದೆಲ್ಲ ಕೆಲಸ ಬಿಟ್ಟ. ತಾಯಿಯ ಕೋಣೆಯ ಗೋಡೆಗಳು ಎದ್ದವು. ಮೇ ತಿಂಗಳ ಮೊದಲಲ್ಲಿ ಬರುವ ಪವಿತ್ರ ಶಿಲುಬೆಯ ಹಬ್ಬ ಗಾರೆಯವರ ಹಬ್ಬ. ಅಂದು ಕಟ್ಟುತ್ತಿರುವ ಪ್ರತಿ ಗೋಡೆಯ ಮೇಲೂ ಕಾಗದದ ಹೂ ಸುತ್ತಿದ ಮರದ ಶಿಲುಬೆ ಏರಬೇಕು. ಹಬ್ಬದ ಹಿಂದಿನ ದಿನ ಅತ್ತೆ ಸೊಸೆಯರು ಅಂಗಳದಲ್ಲಿ ಕುಳಿತು ಹೂ ಮಡಿಸುತ್ತಿದ್ದರು. ತಾರಸಿ ಹಾಕಲು ಹಬ್ಬದ ಮರುದಿನವನ್ನೇ ಗೊತ್ತುಮಾಡಿದ್ದರು.

"ಮಗಳೇ," ಎಂದಳು ತೋಮಾಸಾ, ಕೈಯ ಕೆಂಪು ಕಾಗದದಿಂದ ಕಣ್ಣೆತ್ತದೆ. "ಅವತ್ತು ನನಗೇನಾದ್ರೂ ಆದ್ರೆ ನಾಬೋರ್‌ನ ಕೆಳಗಿಳಿಸಬೇಡ."

ಹಾಗೆಲ್ಲ ಆಡಬಾರದೆಂದು ಕ್ರಿಸಾಂತಾ ಗದರಿದಳು. ಮುದುಕಿ ಕೇಳಲಿಲ್ಲ.

"ನಿನ್ನ ಕೋಣೆ ಸೋರೋದನ್ನ ನಾನು ದಿನಾ ನೋಡಿದೀನಿ. ನನ್ನದು ಸೋರಬಾರದು. ಒಂದೇ ಕಲ್ಲಾಗಿರಬೇಕು. ನಾನು ಸತ್ತ ಮೇಲೆ ಇನ್ನೇನು ಸಾಯ್ತೀನಾ? ಕಾಯೋದಕ್ಕೆ ನಂಗೆ ಹೊತ್ತಿರುತ್ತೆ. ಸಿಮೆಂಟಿಗೆ ಇರಲ್ಲ."

ಕ್ರಿಸಾಂತಾ ಮಡಿಸುತ್ತಿದ್ದ ಹೂವಿನ ಕೊನೆಯ ಎಸಳನ್ನು ಮಡಿಸಿ ಅತ್ತೆಯ ಮಡಿಲಿಗೆ ಹಾಕಿದಳು. ಮುದುಕಿ ಅದನ್ನೇ ಕೊಟ್ಟ ಮಾತೆಂದು ತೆಗೆದುಕೊಂಡಳು.

ತಾರಸಿಯ ದಿನ ಬೆಳಗಾಗುತ್ತಲೇ ಕೇರಿಯವರೆಲ್ಲ ಬಂದರು. ಅಂಗಳದಲ್ಲಿ ಮರಳು, ಜಲ್ಲಿ, ಸಿಮೆಂಟು ಕಲಸಿ ಗುಡ್ಡೆಹಾಕಿದರು. ಗುಡ್ಡೆಯಿಂದ ಏಣಿಯವರೆಗೆ, ಏಣಿಯಿಂದ ತಾರಸಿಯವರೆಗೆ ಗಂಡಸರ ಸಾಲು. ತುಂಬಿದ ಬಕೆಟ್ ಕೈಯಿಂದ ಕೈಗೆ ಏರುತ್ತಿತ್ತು, ಖಾಲಿಯಾದದ್ದು ಮೇಲಿನಿಂದ ಹಾರಿ ಬೀಳುತ್ತಿತ್ತು. ಸಿಮೆಂಟನ್ನು ಹಳಿಯುವ ದೋನ್ ಫೆರ್ಮಿನ್ ಏಣಿಯ ತುದಿಯಲ್ಲಿ ನಿಂತು ಎಲ್ಲರಿಗಿಂತ ಹೆಚ್ಚು ದುಡಿಯುತ್ತಿದ್ದ. ಮೇಲೆ ನಾಬೋರ್ ಮಂಡಿಯೂರಿ ಹಲಗೆಯೆಳೆದು ಮಟ್ಟಮಾಡುತ್ತಿದ್ದ. ಅಂಗಳದ ಇನ್ನೊಂದು ಕೊನೆಯಲ್ಲಿ ಕ್ರಿಸಾಂತಾಳೂ ಫೆರ್ಮಿನ್‌ನ ಹೆಂಡತಿ ಒಫೇಲಿಯಾಳೂ ತಾಮ್ರದ ಕೊಪ್ಪರಿಗೆಯಲ್ಲಿ ಹಂದಿಮಾಂಸ ಬೇಯಿಸುತ್ತಿದ್ದರು. ಮರದಡಿಯ ಕುರ್ಚಿಯಲ್ಲಿ ತೋಮಾಸಾ. ಹಬ್ಬಕ್ಕೆ ಉಟ್ಟ ಬಟ್ಟೆಯನ್ನು ಆಕೆ ಇನ್ನೂ ಬದಲಿಸಿರಲಿಲ್ಲ.

ಕೊನೆಯ ಬಕೆಟ್ ಬಿದ್ದ ಮೇಲೆ ಮನೆಯ ಹಿರಿಯರು ತಾರಸಿಯ ಮೂಲೆಯಲ್ಲಿ ಹಸಿ ಸಿಮೆಂಟಿನ ಮೇಲೆ ಅಂಗೈ ಗುರುತು ಹಾಕುವುದು ಅಲ್ಲಿಯ ಪದ್ಧತಿ. ತಾಯಿಯನ್ನು ಹೆಗಲ ಮೇಲೆ ಹೊತ್ತು ಏಣಿ ಹತ್ತುವೆನೆಂದು ನಾಬೋರ್ ಬೆಳಿಗ್ಗೆಯಿಂದ ಹೇಳುತ್ತಲೇ ಇದ್ದ. ಏಣಿ ಮುರಿದರೆ ಇಬ್ಬರಿಗೂ ಒಂದೇ ಊಟದಲ್ಲಿ ತಿಥಿ ಮುಗಿಸುವುದಾಗಿ ಫೆರ್ಮಿನ್ ಮಾತು ಕೊಟ್ಟಿದ್ದ. ತೋಮಾಸಾ ಬಾಯಿಗೆ ಶಾಲು ಅಡ್ಡ ಹಿಡಿದು ನಕ್ಕಿದ್ದಳು.

ಬಿಸಿಲೇರಿದಾಗ ಕ್ರಿಸಾಂತಾ ಪುಂಡಿ ಹೂವಿನ ಪಾನಕ ತಂದು ಅತ್ತೆಯ ಕೈಗೆ ಲೋಟ ಕೊಟ್ಟು ಹೋದಳು. ಸ್ವಲ್ಪ ಹೊತ್ತಿನ ಮೇಲೆ ತಿರುಗಿ ನೋಡಿದರೆ ಲೋಟ ನೆಲದ ಮೇಲೆ ಉರುಳಿತ್ತು. ಕೆಂಪು ಪಾನಕ ಮಣ್ಣಿನಲ್ಲಿ ಇಂಗುತ್ತಿತ್ತು. ಅವಳು ಹತ್ತಿರ ಹೋಗಿ ಮೊಣಕಾಲೂರಿದಳು. ಮುದುಕಿಯ ಕಣ್ಣುಗಳು ಅರೆತೆರೆದು ಗೋಡೆಯ ಕಡೆಗೇ ಇದ್ದವು. ಮೂಗಿನ ಬಳಿ ಬೆರಳಿಟ್ಟಳು. ಕುತ್ತಿಗೆ ಮುಟ್ಟಿದಳು. ಮತ್ತೆ ಬೆರಳಿಟ್ಟಳು.

ಕ್ರಿಸಾಂತಾ ತಲೆಯೆತ್ತಿದಳು. ತಾರಸಿಯ ಮೇಲೆ ಕಾಂಕ್ರೀಟು ಆಗಷ್ಟೇ ನಡುತೊಲೆಯನ್ನು ದಾಟಿತ್ತು. ನಾಬೋರನ ಬೆನ್ನು ಕಾಣುತ್ತಿತ್ತು. ಅವಳ ಬಾಯಿ ತೆರೆದಿತ್ತೆಂದೂ ಅವನ ಹೆಸರಿನ ಮೊದಲ ಅಕ್ಷರ ನಾಲಿಗೆಯ ಮೇಲಿತ್ತೆಂದೂ ಒಫೇಲಿಯಾ ಎಷ್ಟೋ ವರ್ಷಗಳ ಮೇಲೆ ಹೇಳಿದಳಂತೆ. ಅಷ್ಟರಲ್ಲಿ ನಾಬೋರನೇ ತಿರುಗಿದ.

"ಅಮ್ಮ ನಿದ್ದೆ ಹೋದಳಾ?" ಎಂದು ಮೇಲಿನಿಂದ ಕೇಳಿದ.

ತಾರಸಿಯ ಅಂಚಿನಲ್ಲಿ ಹಸಿ ಕಾಂಕ್ರೀಟಿನಿಂದ ನೀರು ಜಿನುಗುತ್ತಿತ್ತು. ಸಾಲಿನಲ್ಲಿ ಬಕೆಟ್ಟುಗಳು ಏರುತ್ತಿದ್ದವು.

"ಹೂಂ," ಎಂದಳು ಕ್ರಿಸಾಂತಾ. "ಮಲಗಿದಾರೆ."

"ಮಲಗಲಿ. ಮುಗಿದ ಮೇಲೆ ಎಬ್ಬಿಸಿದ್ರಾಯ್ತು."

ಅವಳು ಅತ್ತೆಯ ರೆಪ್ಪೆಗಳನ್ನು ಮುಚ್ಚಿ, ಬಿಸಿಲಿಗೆಂಬಂತೆ ಶಾಲನ್ನು ಮುಖದ ಮೇಲೆ ಎಳೆದಳು. ಒಫೇಲಿಯಾ ಓಡಿ ಬಂದು ಎದೆ ಹಿಡಿದುಕೊಂಡು ನಿಂತಾಗ ಕ್ರಿಸಾಂತಾ ತುಟಿಯ ಮೇಲೆ ಬೆರಳಿಟ್ಟಳು.

ಸುದ್ದಿಯನ್ನು ಯಾರೂ ಕೂಗಿ ಹೇಳಲಿಲ್ಲ. ಗುಡ್ಡೆಯ ಬಳಿ ಕಲಸುತ್ತಿದ್ದವರಿಗೆ ಒಫೇಲಿಯಾ ಹೇಳಿದಳು. ಅಲ್ಲಿಂದ ಅದು ಬಕೆಟ್ಟಿನ ಜೊತೆಗೆ ಕೈಯಿಂದ ಕೈಗೆ ಸಾಗಿತು. ಒಬ್ಬೊಬ್ಬರೂ ಮರದ ಕಡೆಗೊಮ್ಮೆ ನೋಡಿ, ತಲೆಯ ಮೇಲಿನ ಟೋಪಿ ತೆಗೆದು ನೆಲಕ್ಕೆ ಹಾಕಿ, ಮುಂದಿನ ಬಕೆಟ್ಟಿಗೆ ಕೈಚಾಚಿದರು. ನಾಬೋರನನ್ನು ಕರೆಯಬೇಕೆಂದು ಒಬ್ಬರಿಗೂ ಅನ್ನಿಸಲಿಲ್ಲವೇ ಎಂದು ಕೇಳಿದರೆ ಆ ಊರಿನವರು ಇಂದಿಗೂ ಹೇಳುವುದು ಒಂದೇ: ಮೊದಲ ಬಕೆಟ್ ಬಿದ್ದ ಮೇಲೆ ಯಾರೂ ನಿಲ್ಲಕೂಡದೆಂದು ಕಲಿಸಿದವನೇ ಅವನಲ್ಲವೇ?

ಹಾಸ್ಯ ನಿಂತುಹೋಯಿತು. ಬಕೆಟ್ಟುಗಳು ಹಿಂದೆಂದೂ ಇಲ್ಲದ ವೇಗದಲ್ಲಿ ಏರಿದವು. ಮೇಲಿದ್ದವನಿಗೆ ಅದು ವಿಚಿತ್ರವೆನಿಸಿತು.

"ಏನು ದೋನ್ ಫೆರ್ಮಿನ್, ಎಲ್ಲರ ಟೋಪಿ ಎಲ್ಲಿ ಹೋಯ್ತು? ಸೂರ್ಯ ರಜಾ ಹಾಕಿದನಾ?"

"ಸೆಕೆ, ಮೇಸ್ತ್ರಿ," ಎಂದ ಫೆರ್ಮಿನ್. ಅವನ ಮುಖವೆಲ್ಲ ಒದ್ದೆಯಾಗಿತ್ತು. "ನೀನು ನಿನ್ನ ಹಲಗೆ ಎಳಿ."

ಕ್ರಿಸಾಂತಾ ಕುರ್ಚಿಯ ಪಕ್ಕದಿಂದ ಏಳಲಿಲ್ಲ. ಅತ್ತೆಯ ಕೈಯನ್ನು ತನ್ನೆರಡು ಕೈಗಳ ನಡುವೆ ಹಿಡಿದುಕೊಂಡು, ಬೂದುಬಣ್ಣದ ಒದ್ದೆ ಅಂಚು ತಾರಸಿಯ ಆ ತುದಿಯತ್ತ ಸರಿಯುವುದನ್ನೇ ನೋಡುತ್ತಿದ್ದಳು. ಈಗ ಕರೆಯಬಹುದು, ಈಗಲಾದರೂ ಕರೆಯಬಹುದು ಎಂದು ಪ್ರತಿ ಬಕೆಟ್ಟಿಗೂ ಅಂದುಕೊಂಡಳು. ಬಕೆಟ್ಟುಗಳು ಹೆಚ್ಚಿದಷ್ಟೂ ಕರೆಯುವುದು ಕಷ್ಟವಾಯಿತು. ತನ್ನ ಕೈಯಿಂದಾದಷ್ಟು ಹೊತ್ತು ಮುದುಕಿಯ ಕೈ ಬೆಚ್ಚಗಿರಲಿ ಎಂದು ಉಜ್ಜಿದಳು.

ಕೊನೆಯ ಬಕೆಟ್ ಬಿತ್ತು. ನಾಬೋರ್ ಮೂಲೆಯನ್ನು ಕರಣೆಯಿಂದ ಕನ್ನಡಿಯಂತೆ ಸವರಿ, ಸೊಂಟ ನೆಟ್ಟಗೆ ಮಾಡಿ ಎದ್ದು ನಿಂತ.

"ಅಮ್ಮನ್ನ ಎಬ್ಬಿಸಿ. ಕೈ ಗುರುತು ಹಾಕಲಿ."

ಕೆಳಗೆ ಯಾರೂ ಅಲುಗಲಿಲ್ಲ. ಅವನು ಅಂಗಳದ ಬರಿದಲೆಗಳನ್ನೆಲ್ಲ ನೋಡಿದ. ಮರದ ಕಡೆ ನೋಡಿದ. ಶಾಲು ಮುಚ್ಚಿದ ಮುಖವನ್ನೂ ಅದರ ಪಕ್ಕದಲ್ಲಿದ್ದ ಹೆಂಡತಿಯ ಮುಖವನ್ನೂ ನೋಡಿದ. ಕರಣೆಯನ್ನು ಕೆಳಗಿಡದೆಯೇ ಏಣಿಯಿಳಿದ. ತಾಯಿಯ ಮುಂದೆ ಕುಳಿತು ಶಾಲು ಸರಿಸಿದ.

"ಯಾವಾಗ?" ಎಂದ.

"ನಡುತೊಲೆ ದಾಟಿದಾಗ."

ಅವನು ಹಿಂದಿರುಗಿ ತಾರಸಿಯನ್ನು ನೋಡಿದ. ನಡುತೊಲೆಯಿಂದಾಚೆಗೆ ಎಷ್ಟು ದೂರವಿತ್ತೋ ಅಷ್ಟು ದೂರವನ್ನೂ ಕಣ್ಣಿನಲ್ಲೇ ಅಳೆದ.

"ನಾನು ಕೇಳಿದಾಗ?"

"ಆಗಲೇ ಹೋಗಿದ್ರು," ಎಂದಳು ಕ್ರಿಸಾಂತಾ. "ಇಳಿಸಬೇಡ ಅಂತ ಅಂದಿದ್ರು."

ಸತ್ತ ತಾಯಿಯನ್ನು ಅವನು ಹೊತ್ತು ಏಣಿ ಹತ್ತಿ ಆಕೆಯ ಅಂಗೈಯನ್ನು ಹಸಿ ಸಿಮೆಂಟಿಗೆ ಒತ್ತಿದನೆಂದು ಹೇಳುವವರೂ ಉಂಟು. ಆದರೆ ಆ ತಾರಸಿಯನ್ನು ಹತ್ತಿ ನೋಡಿದವರಿಗೆ ಮೂಲೆ ನುಣ್ಣಗೇ ಕಾಣುತ್ತದೆ; ಯಾವ ಗುರುತೂ ಇಲ್ಲ. ಕ್ರಿಸಾಂತಾಳೂ ಕೊನೆಯವರೆಗೆ ಅದನ್ನು ಅಲ್ಲಗಳೆದಳು.

ಹಸಿ ತಾರಸಿಯಡಿಯಲ್ಲಿ ಹೆಣವಿಡುವುದು ಬೇಡವೆಂದು ಹಿರಿಯರು ಹೇಳಿದರೂ ನಾಬೋರ್ ಕೇಳಲಿಲ್ಲ. ಆಕೆ ಇದರ ಕೆಳಗೆ ಮಲಗಬೇಕೆಂದಿದ್ದಳು, ಮಲಗಲಿ ಎಂದ. ಹಸಿ ತಾರಸಿಯನ್ನು ಹೊತ್ತ ಸೆಂಟ್ರಿಂಗ್ ಕಂಬಗಳು ಒತ್ತೊತ್ತಾಗಿ ನಿಂತಿದ್ದವು. ಆ ಕಂಬಗಳ ಕಾಡಿನ ನಡುವಿನ ಇರುಕಿನಲ್ಲಿ ಶವಪೆಟ್ಟಿಗೆಯಿಟ್ಟು, ಅದರಡಿ ನೆಲದ ಮೇಲೆ ಸುಣ್ಣದಿಂದ ಶಿಲುಬೆ ಬರೆದರು. ಹಲಗೆಗಳ ಸಂದಿನಿಂದ ಸಿಮೆಂಟಿನ ನೀರು ತೊಟ್ಟಿಕ್ಕುತ್ತಿತ್ತು. ಕ್ರಿಸಾಂತಾ ಪೆಟ್ಟಿಗೆಯ ಮೇಲೆ ಪ್ಲಾಸ್ಟಿಕ್ ಹಾಳೆ ಹೊದಿಸಿದಳು. ಊಟಕ್ಕೆಂದು ಬೇಯಿಸಿದ ಮಾಂಸವನ್ನೇ ಸಾವಿಗೆ ಬಂದವರಿಗೆ ಬಡಿಸಿದರು.

ಮಣ್ಣುಮಾಡಿದ ಮೇಲೆ ಒಂಬತ್ತು ದಿನದ ಪ್ರಾರ್ಥನೆ. ಹೊಸ ತಾರಸಿಗೂ ಅಷ್ಟು ದಿನ ನೀರುಣಿಸಬೇಕು; ಒಣಗಿದರೆ ಬಿರಿಯುತ್ತದೆ. ಕೆಳಗೆ ಹೆಂಗಸರು ಜಪಮಣಿ ಎಣಿಸುತ್ತಿದ್ದರೆ ಮೇಲೆ ನಾಬೋರ್ ಬಕೆಟ್ ಹಿಡಿದು ಒಬ್ಬನೇ ನೀರು ಸುರಿಯುತ್ತಿದ್ದ. ಪ್ರಾರ್ಥನೆಗೆ ಅವನು ಒಮ್ಮೆಯೂ ಬಂದು ಕೂರಲಿಲ್ಲ. ಕೊನೆಯ ದಿನ ನೆಲದ ಸುಣ್ಣದ ಶಿಲುಬೆಯನ್ನು ಪದ್ಧತಿಯಂತೆ ಹೂವಿನಿಂದ ಗುಡಿಸಿ ಎತ್ತುವಾಗ ಮಾತ್ರ ಇಳಿದು ಬಂದು, ಆ ಸುಣ್ಣವನ್ನು ತನ್ನ ಅಂಗೈಗೆ ಹಾಕಿಸಿಕೊಂಡು ಗೋರಿಗೆ ಒಯ್ದ.

ಹೆಂಡತಿಯೊಡನೆ ಮಾತು ಬಿಟ್ಟನೆಂದಲ್ಲ. ಉಪ್ಪು ಕೇಳುತ್ತಿದ್ದ, ನೀರು ಕೇಳುತ್ತಿದ್ದ. ಬೈದಿದ್ದರೆ ಒಳಿತಿತ್ತೆಂದು ಕ್ರಿಸಾಂತಾಳಿಗೆ ಅನ್ನಿಸುತ್ತಿತ್ತು. ಸೆಂಟ್ರಿಂಗು ಬಿಚ್ಚಿದರು. ಜೂನಿನಲ್ಲಿ ಮೊದಲ ಮಳೆ ಹೊಡೆದಾಗ ಅವನು ಹೊಸ ಕೋಣೆಯೊಳಗೆ ನಿಂತು ತಲೆಯೆತ್ತಿ ಚಾವಣಿಯನ್ನು ಮೂಲೆಮೂಲೆಗೂ ನೋಡಿದ. ಎಲ್ಲಿಯೂ ಗೆರೆಯಿಲ್ಲ, ತೇವವಿಲ್ಲ. ಬಾಗಿಲಲ್ಲಿ ನಿಂತಿದ್ದ ಕ್ರಿಸಾಂತಾಳಿಗೆ, "ಒಂದು ಹನಿ ಇಲ್ಲ," ಎಂದ. ಯಾರನ್ನೋ ದೂರುವಂತಿತ್ತು ಆ ದನಿ. ಆಮೇಲೆ ಹಳೆಯ ಕೋಣೆಗೆ ಹೋಗಿ ಸೋರುವ ಗೆರೆಯ ಕೆಳಗೆ ತಾನೇ ಪಾತ್ರೆಯಿಟ್ಟ. ಹೊಸ ಕೋಣೆಗೆ ಮಂಚ ಸಾಗಿಸೋಣವೆಂದು ಅವಳು ಒಮ್ಮೆ ಹೇಳಿದಾಗ ಕೇಳಿಸದವನಂತೆ ಎದ್ದು ಹೋದ.

ಮಳೆಗಾಲದ ಕೊನೆಯಲ್ಲಿ ಕಡಲಿನಿಂದ ಚಂಡಮಾರುತ ಬಂತು. ಕೇರಿಯ ಗರಿಮನೆಗಳೆಲ್ಲ ಪುಕ್ಕ ಕಿತ್ತ ಕೋಳಿಗಳಂತಾದವು. ಜನ ಮಕ್ಕಳನ್ನು ಅವಚಿಕೊಂಡು ತೋಮಾಸಾಳ ಕೋಣೆಗೆ ಓಡಿ ಬಂದರು. ಕೊನೆಗೆ ಬಂದವನು ದೋನ್ ಫೆರ್ಮಿನ್. ಒಂದು ಕಂಕುಳಲ್ಲಿ ಹೇಂಟೆ, ಇನ್ನೊಂದು ಕೈಯಲ್ಲಿ ಒಫೇಲಿಯಾ. ಗಾಳಿ ಹೊರಗೆ ಬಡಿದೂ ಬಡಿದೂ ಸೋತಿತು. ಒಳಗೆ ಹಚ್ಚಿಟ್ಟ ಮೇಣದಬತ್ತಿಯ ಕುಡಿ ಕೂಡ ನೆಟ್ಟಗಿತ್ತು. ಫೆರ್ಮಿನ್ ಗೋಡೆಗೆ ಅಂಗೈಯೊತ್ತಿ ನಿಂತ.

"ನನ್ನ ಮನೆ ಉಸಿರು ನಿಲ್ಲಿಸ್ತು ಮೇಸ್ತ್ರಿ," ಎಂದ. "ನಂಗೂ ಒಂದು ಕಟ್ಟಿಕೊಡು."

ಎಲ್ಲರೂ ತೋಮಾಸಾಳನ್ನು ನೆನೆದರು, ತಾರಸಿಯನ್ನು ಹೊಗಳಿದರು. ಸಿಮೆಂಟನ್ನು ಹೊಗಳಲು ಒಂದು ಅವಕಾಶವನ್ನೂ ಬಿಡದಿದ್ದ ನಾಬೋರ್ ಅಂದು ಗೋಡೆಯ ಕಡೆ ಮುಖಮಾಡಿ ಕುಳಿತಿದ್ದ. ಮನೆ ಕಟ್ಟಿಕೊಡುವುದಾಗಿ ಮಾತ್ರ ಹೇಳಿದ.

ಮರು ಬೇಸಿಗೆಯಲ್ಲಿ ಫೆರ್ಮಿನ್‌ನ ಮನೆಗೆ ತಾರಸಿ ಹಾಕುವ ದಿನ ಬಂತು. ಕಾಂಕ್ರೀಟು ಕಲಸಿಯಾಗಿತ್ತು, ಸಾಲು ನಿಂತಿತ್ತು. ನಾಬೋರ್ ಉದ್ದನೆಯ ಹಗ್ಗವೊಂದರ ತುದಿಯನ್ನು ತನ್ನ ಸೊಂಟಕ್ಕೆ ಬಿಗಿದುಕೊಂಡ.

"ಏನ್ ಮೇಸ್ತ್ರಿ, ನಿನ್ನನ್ನೂ ಗೂಟಕ್ಕೆ ಕಟ್ಟಬೇಕಾ?" ಎಂದು ಫೆರ್ಮಿನ್ ಕೇಳಿದ. ಕೆಲವರು ನಕ್ಕರು.

ನಾಬೋರ್ ನಗಲಿಲ್ಲ. ಹಗ್ಗದ ಇನ್ನೊಂದು ತುದಿಯನ್ನು ಹಿಡಿದು ಅಂಗಳ ದಾಟಿ ಕೊಪ್ಪರಿಗೆಯ ಬಳಿ ಬಂದ. ಕ್ರಿಸಾಂತಾಳ ಕೈಯಿಂದ ಸೌಟು ತೆಗೆದು ಒಫೇಲಿಯಾಳಿಗೆ ಕೊಟ್ಟು, ಹೆಂಡತಿಯ ಅಂಗೈಯಲ್ಲಿ ಹಗ್ಗವಿಟ್ಟು ಬೆರಳುಗಳನ್ನು ಮಡಿಸಿದ.

"ಯಾರ ಮನೆ ಕೆಲಸಾನೇ ಆಗಲಿ, ಏನೇ ಆದ್ರೂ ಎಳಿ. ಏನು ಅಂತ ಕೇಳಲ್ಲ. ಇಳೀತೀನಿ."

ಕ್ರಿಸಾಂತಾ ಬಹಳ ತಿಂಗಳ ಮೇಲೆ ಅವನ ಮುಖವನ್ನು ನೆಟ್ಟಗೆ ನೋಡಿದಳು.

"ತಾರಸಿ?"

"ಸೋರಲಿ," ಎಂದ ನಾಬೋರ್.

ಕರಿಸಾಲಿನಲ್ಲಿ ಇಂದಿಗೂ ತಾರಸಿ ಹಾಕುವಾಗ ಮೇಸ್ತ್ರಿಯ ಸೊಂಟದಿಂದ ಅಂಗಳಕ್ಕೆ ಹಗ್ಗ ಇಳಿದಿರುತ್ತದೆ; ಬೇರೆ ಊರಿನವರು ಅದನ್ನು ಬೀಳದಿರಲೆಂದು ಕಟ್ಟಿದ್ದು ಎಂದುಕೊಳ್ಳುತ್ತಾರೆ. ಚಾವಣಿಯ ನಡುವೆ ಗೆರೆಯಿರುವ ಕೆಲವು ಮನೆಗಳು ಅಲ್ಲಿವೆ. ಅಂಥ ಮನೆಯಲ್ಲಿ ಮಳೆಗಾಲದಲ್ಲಿ ಪಾತ್ರೆಯಿಟ್ಟಿದ್ದರೆ ಬಂದ ನೆಂಟರು ಅದರ ಬಗ್ಗೆ ಏನೂ ಕೇಳುವುದಿಲ್ಲ.

ಫೆರ್ಮಿನ್‌ನ ತಾರಸಿಯ ದಿನ ಹಗ್ಗ ಎಳೆಯುವ ಪ್ರಸಂಗ ಬರಲಿಲ್ಲ. ಕ್ರಿಸಾಂತಾ ಊಟಕ್ಕೂ ಏಳದೆ ಅದನ್ನು ಹಿಡಿದು ಕುಳಿತಿದ್ದಳು. ಮೇಲೆ ಅವನು ಹಲಗೆಯೆಳೆದಾಗಲೆಲ್ಲ ಅದು ಅವಳ ಅಂಗೈಯಲ್ಲಿ ಬಿಗಿಯಾಗಿ, ಮತ್ತೆ ಸಡಿಲವಾಗುತ್ತಿತ್ತು. ಕೊನೆಯ ಬಕೆಟ್ ಬಿದ್ದು, ಫೆರ್ಮಿನ್ ನಗುತ್ತ ಅಳುತ್ತ ಕೈ ಗುರುತು ಹಾಕಿ, ನಾಬೋರ್ ಇಳಿದು ಬಂದು ಮುಂದೆ ನಿಂತರೂ ಅವಳ ಬೆರಳು ಬಿಚ್ಚಲಿಲ್ಲ. ಅವನು ಸಿಮೆಂಟು ಮೆತ್ತಿದ ಕೈಯಲ್ಲೇ ಒಂದೊಂದಾಗಿ ಬಿಡಿಸಿದ.